ವಠಾರ: ಬಾಡಿಗೆಯೇ ಪಿಂಚಣಿಯಾಗಿದ್ದ ಕಾಲ

ಮುಂದೆ ಮಾಲೀಕರ ಮನೆ, ಪಕ್ಕದಲ್ಲಿ ಕಿರಿದಾದ ಓಣಿ, ಓಣಿಯ ಉದ್ದಕ್ಕೂ ಐದಾರು ಪುಟ್ಟ ಮನೆಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳೆದವರಿಗೆ ಇಷ್ಟು ಹೇಳಿದರೆ ಸಾಕು, ವಠಾರ ಕಣ್ಣೆದುರು ಬರುತ್ತದೆ. ಅಲ್ಲಿನ ಜಗಳ, ಸ್ನೇಹಗಳ ಕಥೆಗಳು ಬೇಕಾದಷ್ಟಿವೆ. ಆದರೆ ವಠಾರ ಮೂಲತಃ ಒಂದು ಹಣ ಹೂಡಿಕೆ ಎಂಬುದನ್ನು ನಾವು ಮರೆಯುತ್ತೇವೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿಗಳು ರೂಪುಗೊಂಡವು. ಅಲ್ಲಿ ಮನೆಗಳಿಗೆ ವಿಶಾಲವಾದ ಹಿತ್ತಲಿತ್ತು. ಮುಂದೆ ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953), ಬಿ.ಇ.ಎಲ್. (1954) ಒಂದೊಂದಾಗಿ ಬಂದವು. ಕೆಲಸಕ್ಕೆಂದು ಊರು ಬಿಟ್ಟು ಬಂದವರಿಗೆ ತಲೆಯ ಮೇಲೊಂದು ಸೂರು ಬೇಕಾಯಿತು, ಹಿತ್ತಲುಗಳಲ್ಲಿ ಮನೆಗಳೆದ್ದವು.

ಷೇರು ಪೇಟೆಯತ್ತ ಸುಳಿಯದ ಗುಮಾಸ್ತರು, ಮೇಷ್ಟ್ರುಗಳಿಗೆ ಈ ಲೆಕ್ಕ ಅರ್ಥವಾಗುವಂಥದ್ದು. ಒಂದು ಮನೆ ಖಾಲಿಯಾದರೂ ಉಳಿದವುಗಳ ಬಾಡಿಗೆ ನಿಲ್ಲದು. ಗೋಡೆ, ನಲ್ಲಿ, ಬಚ್ಚಲು ಹಂಚಿಕೆಯಾದ್ದರಿಂದ ಕಟ್ಟುವ ಖರ್ಚು ಕಡಿಮೆ. ಮಾಲೀಕರು ಅಲ್ಲೇ ಇರುವುದರಿಂದ ನಿಗಾ ಇಡಲು ಬೇರೆ ಆಳು ಬೇಡ.

ಲೆಕ್ಕ ತಪ್ಪಿದ್ದೆಲ್ಲಿ? 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ಕಾನೂನು ಹೇಳಿದ ಕಾರಣವಿಲ್ಲದೆ ಬಾಡಿಗೆದಾರರನ್ನು ಎಬ್ಬಿಸುವಂತಿರಲಿಲ್ಲ. ತಿಂಗಳ ಸಂಬಳ ನಂಬಿದ ಸಂಸಾರಕ್ಕೆ ಅದು ದೊಡ್ಡ ಆಸರೆ. ಆದರೆ ಸುಣ್ಣ, ಹೆಂಚು, ಗಾರೆ ಕೆಲಸದ ಖರ್ಚು ಏರಿದಷ್ಟು ಬಾಡಿಗೆ ಏರದಿದ್ದಾಗ ಮಾಲೀಕರು ರಿಪೇರಿ ಕೈಬಿಟ್ಟರು. ಸೋರುವ ಮನೆಯಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಹತ್ತು ತಿಂಗಳ ಮುಂಗಡ, ಬಾಡಿಗೆಯ ಬದಲು ಒಟ್ಟಾಗಿ ಹಣ ಪಡೆದು ಅವಧಿ ಮುಗಿದಾಗ ಬಡ್ಡಿಯಿಲ್ಲದೆ ಮರಳಿಸುವ ಭೋಗ್ಯ, ಇವು ಮಾಲೀಕರಿಗೆ ಧೈರ್ಯ ಕೊಟ್ಟ ಪದ್ಧತಿಗಳು.

1999ರ ಹೊಸ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ಅದು ಹೊರಗಿಟ್ಟಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಬಾಡಿಗೆಗಿಂತ ನೆಲದ ಬೆಲೆಯೇ ದೊಡ್ಡದಾಗಿ, ಅಣ್ಣತಮ್ಮಂದಿರು ಪಾಲು ಕೇಳಿದೊಡನೆ ವಠಾರಗಳು ಬಿಲ್ಡರುಗಳ ಕೈಸೇರತೊಡಗಿದವು.

ವಠಾರ ಪೂರ್ತಿ ಅಳಿಯಿತೆನ್ನಲಾಗದು. ಮೂವತ್ತು–ನಲವತ್ತರ ನಿವೇಶನದಲ್ಲಿ ಕೆಳಗೆ ಮಾಲೀಕರು, ಮೇಲಿನ ಮಹಡಿಗಳಲ್ಲಿ ಬಾಡಿಗೆದಾರರು ಇರುವ ಮನೆಗಳನ್ನು ನೀವು ನೋಡಿರಬಹುದು. ಮಲಗಿದ್ದ ವಠಾರ ಎದ್ದು ನಿಂತಿದೆ, ಅಷ್ಟೆ. ಆದರೆ ಕಡಿಮೆ ಸಂಬಳದವರಿಗೆ ಊರ ನಡುವೆ ಸಿಗುತ್ತಿದ್ದ ಒಂದೂವರೆ ಕೋಣೆಯ ಆ ಮನೆ ಮಾತ್ರ ಮತ್ತೆ ಸಿಗುವುದು ಕಷ್ಟ.