ಮೆಸೊಅಮೆರಿಕದ ಪ್ರಾಚೀನ ಕಲೆ ಮತ್ತು ಆಧುನಿಕ ಮುದ್ರಣಚಿತ್ರ

ಓಲ್ಮೆಕ್, ಮಾಯಾ, ಅಜ್ಟೆಕ್ ಮೊದಲಾದ ನಾಗರಿಕತೆಗಳ ಶಿಲ್ಪ, ಭಿತ್ತಿಚಿತ್ರ ಹಾಗೂ ಚಿತ್ರಲಿಪಿಯ ಹೊತ್ತಗೆಗಳು 20ನೆಯ ಶತಮಾನದ ಮೆಕ್ಸಿಕೊದ ಅಚ್ಚುಚಿತ್ರಗಳ ಮೇಲೆ ಬೀರಿದ ಪ್ರಭಾವ. ಸುಟ್ಟ ಮಣ್ಣಿನ ಮುದ್ರೆಗಳಿಂದ ವಿನ್ಯಾಸ ಒತ್ತುವ ರೂಢಿ ಆ ನಾಡಿನಲ್ಲಿ ಸ್ಪ್ಯಾನಿಷರು ಬರುವ ಬಹಳ ಮೊದಲೇ ಇತ್ತು.

ಪ್ಯಾರಿಸ್‌ನಲ್ಲಿ ಹುಟ್ಟಿದ ಜಾನ್ ಶಾರ್ಲೊ (1898–1979) 1926ರಿಂದ ಪ್ರಾಚೀನ ಮಾಯಾ ನಗರ ಚಿಚೆನ್ ಇಟ್ಜಾದ ಉತ್ಖನನದಲ್ಲಿ ಮಾಯಾ ಉಬ್ಬುಶಿಲ್ಪಗಳನ್ನು ನಕಲಿಸುವ ಕೆಲಸಕ್ಕಿದ್ದರು. ಅವರ ಕಲ್ಲಚ್ಚಿನ ಚಿತ್ರಗಳಲ್ಲಿ ರೊಟ್ಟಿ ತಟ್ಟುವ ಹೆಂಗಸರ ಗುಂಡಗಿನ, ಭಾರವಾದ ಮೈಕಟ್ಟು ಆ ಶಿಲ್ಪಗಳ ನೆನಪು ತರುತ್ತದೆ. ಗ್ವಾಟೆಮಾಲಾ ಮೂಲದ ಕಾರ್ಲೊಸ್ ಮೆರಿದಾ 1943ರಲ್ಲಿ ಮಾಯಾ ಪುರಾಣ 'ಪೊಪೊಲ್ ವುಹ್' ಆಧರಿಸಿ ಬಣ್ಣದ ಕಲ್ಲಚ್ಚಿನ ಮಾಲಿಕೆ ಹೊರತಂದರು. ಅದು ಕಥಾಚಿತ್ರಣಕ್ಕಿಂತ ಅಮೂರ್ತತೆಗೇ ಹತ್ತಿರ.

ಪ್ರಭಾವ ತಂತ್ರದ ಮಟ್ಟಕ್ಕೂ ಇಳಿದದ್ದು ಓಹಾಕಾದ ರುಫಿನೊ ತಮಾಯೊ (1899–1991) ಅವರಲ್ಲಿ. ಯೌವನದಲ್ಲಿ ಮೆಕ್ಸಿಕೊ ನಗರದ ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯದಲ್ಲಿ ಪ್ರಾಚೀನ ವಸ್ತುಗಳನ್ನು ಚಿತ್ರಿಸುತ್ತಿದ್ದ ಅವರಿಗೆ ಚಪ್ಪಟೆ ಕಾಗದ ಸಾಲದಾಯಿತು. 1970ರ ದಶಕದಲ್ಲಿ ಮುದ್ರಕ ಲೂಯಿಸ್ ರೆಂಬಾ ಅವರೊಂದಿಗೆ ರೂಪಿಸಿದ ಮಿಕ್ಸೊಗ್ರಾಫಿಯಾ ವಿಧಾನದಲ್ಲಿ ಕಲಾವಿದ ಮಾಡಿದ ಉಬ್ಬುತಗ್ಗಿನ ಮಾದರಿಯಿಂದ ತಾಮ್ರದ ಫಲಕ ತಯಾರಿಸಿ, ಬಣ್ಣ ಹಚ್ಚಿ, ಒದ್ದೆಯಾದ ದಪ್ಪ ಕೈಕಾಗದವನ್ನು ಅದರ ಮೇಲೆ ಬಲವಾಗಿ ಒತ್ತುತ್ತಾರೆ. ಕಾಗದವೇ ಸವೆದ ಗೋಡೆಯಂತೆ ಒರಟಾಗಿ ಮೇಲೇಳುತ್ತದೆ. ತಮಾಯೊ ಚಿತ್ರಿಸಿದ ನಾಯಿಗಳಿಗೂ ಪಶ್ಚಿಮ ಮೆಕ್ಸಿಕೊದ ಕೊಲಿಮಾದ ಪ್ರಾಚೀನ ಮಣ್ಣಿನ ನಾಯಿಗಳಿಗೂ ಇರುವ ಹೋಲಿಕೆಯನ್ನು ವಿಮರ್ಶಕರು ಗುರುತಿಸಿದ್ದಾರೆ. ತಮಾಯೊ ಸಂಗ್ರಹಿಸಿದ್ದ ಪ್ರಾಚೀನ ಕಲಾಕೃತಿಗಳು 1974ರಲ್ಲಿ ತೆರೆದ ಓಹಾಕಾದ ಸಂಗ್ರಹಾಲಯದಲ್ಲಿವೆ.