ನೀರು, ನಂಬಿಕೆ, ನಗರಸಭೆ: ಜ್ಯೂರಿಕ್‌ನಲ್ಲಿ ವಿಶ್ವಾಸಿಗಳ ದೀಕ್ಷಾಸ್ನಾನ

ಕ್ರೈಸ್ತ ಸಭೆಯನ್ನು ಸೇರುವವರಿಗೆ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ನೀರಿನಿಂದ ನೆರವೇರಿಸುವ ಸಂಸ್ಕಾರವೇ ದೀಕ್ಷಾಸ್ನಾನ. ಕ್ಯಾಥೊಲಿಕರು ಇದನ್ನು ಜ್ಞಾನಸ್ನಾನವೆನ್ನುತ್ತಾರೆ. ಹೆತ್ತವರ ಮತ್ತು ಸಭೆಯ ವಿಶ್ವಾಸವನ್ನು ಆಧರಿಸಿ ಹಸುಗೂಸಿಗೂ ಇದನ್ನು ಕೊಡಬಹುದೆಂಬುದು ಬಹುಪಾಲು ಸಭೆಗಳ ನಿಲುವಾದರೆ, ಸುವಾರ್ತೆಯನ್ನು ಕೇಳಿ, ಪಶ್ಚಾತ್ತಾಪಪಟ್ಟು, ತಮ್ಮ ವಿಶ್ವಾಸವನ್ನು ತಮ್ಮ ಬಾಯಿಂದಲೇ ಅರಿಕೆ ಮಾಡಿದವರಿಗೆ ಮಾತ್ರ ಇದು ಸಲ್ಲತಕ್ಕದ್ದೆಂಬುದು ವಿಶ್ವಾಸಿಗಳ ದೀಕ್ಷಾಸ್ನಾನದ ತಿರುಳು. ಕ್ರಿ.ಶ. 200ರ ಸುಮಾರಿನಲ್ಲೇ ಕಾರ್ಥೇಜಿನ ತೆರ್ತುಲ್ಲಿಯನ್, ಮಕ್ಕಳು ಕ್ರಿಸ್ತನನ್ನು ಅರಿಯುವಷ್ಟು ಬೆಳೆಯುವವರೆಗೆ ಕಾಯುವುದು ಲೇಸೆಂದು ಬರೆದಿದ್ದನು. ಆದರೂ ಮುಂದಿನ ಶತಮಾನಗಳಲ್ಲಿ ಪಶ್ಚಿಮ ಯೂರೋಪಿನಲ್ಲಿ ಶಿಶು ದೀಕ್ಷಾಸ್ನಾನವೇ ರೂಢಿಯಾಗಿ, ಪ್ರಶ್ನೆ ಬಹುಮಟ್ಟಿಗೆ ಮರೆಗೆ ಸರಿಯಿತು.

ಅದು ಮತ್ತೆ ತೀವ್ರವಾಗಿ ಎದ್ದುದು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ. ಅಲ್ಲಿ ಉಲ್ರಿಕ್ ಜ್ವಿಂಗ್ಲಿ ನಗರಸಭೆಯ ಒಪ್ಪಿಗೆ ಪಡೆಯುತ್ತ ಧರ್ಮಸುಧಾರಣೆಯನ್ನು ಹಂತಹಂತವಾಗಿ ನಡೆಸುತ್ತಿದ್ದನು. ಅವನ ಬಳಿಯಲ್ಲೇ ಕಲಿತ ಕೊನ್ರಾಡ್ ಗ್ರೆಬೆಲ್ ಮತ್ತು ಫೆಲಿಕ್ಸ್ ಮಾಂಟ್ಸ್, ದೇವರ ವಾಕ್ಯ ಸ್ಪಷ್ಟವಾಗಿ ಹೇಳಿರುವುದಕ್ಕೆ ಅಧಿಕಾರಿಗಳ ಅಪ್ಪಣೆಯೇತಕ್ಕೆಂದು ಕೇಳಿ, ಹೊಸ ಒಡಂಬಡಿಕೆಯಲ್ಲಿ ಶಿಶು ದೀಕ್ಷಾಸ್ನಾನಕ್ಕೆ ಆಧಾರವಿಲ್ಲವೆಂದು ವಾದಿಸಿದರು. 1525ರ ಜನವರಿಯಲ್ಲಿ ಬಹಿರಂಗ ಚರ್ಚೆಯನ್ನು ಏರ್ಪಡಿಸಿದ ನಗರಸಭೆ ಜ್ವಿಂಗ್ಲಿಯ ಪರವಾಗಿ ತೀರ್ಪಿತ್ತು, ಎಂಟು ದಿನಗಳೊಳಗೆ ಕೂಸುಗಳಿಗೆ ದೀಕ್ಷಾಸ್ನಾನ ಮಾಡಿಸದವರು ಊರು ಬಿಡಬೇಕೆಂದು ಆಜ್ಞಾಪಿಸಿತು.

ಜನವರಿ 21ರ ಸಂಜೆ ಈ ಪಂಗಡದವರು ಮಾಂಟ್ಸ್‌ನ ತಾಯಿಯ ಮನೆಯಲ್ಲಿ ಕೂಡಿ ಪ್ರಾರ್ಥಿಸಿದರೆಂದೂ, ಆಗ ಜಾರ್ಜ್ ಬ್ಲೌರಾಕ್ ಎಂಬ ಮಾಜಿ ಪಾದ್ರಿ ಮೊಣಕಾಲೂರಿ ತನಗೆ ದೀಕ್ಷಾಸ್ನಾನ ಕೊಡಬೇಕೆಂದು ಗ್ರೆಬೆಲ್‌ನನ್ನು ಬೇಡಿ, ಅದನ್ನು ಪಡೆದ ಬಳಿಕ ಉಳಿದವರಿಗೆ ತಾನೇ ಕೊಟ್ಟನೆಂದೂ ಅವರ ಪರಂಪರೆಯ ವೃತ್ತಾಂತ ಹೇಳುತ್ತದೆ. ಸಮೀಪದ ಜೊಲ್ಲಿಕೋನ್ ಹಳ್ಳಿಯ ರೈತರ ಮನೆಗಳಲ್ಲೂ ಕೆಲವೇ ದಿನಗಳಲ್ಲಿ ಇದೇ ಸಂಸ್ಕಾರ ನಡೆಯಿತು. ವಿರೋಧಿಗಳು ಇವರನ್ನು ಅನಾಬ್ಯಾಪ್ಟಿಸ್ಟರು, ಅಂದರೆ ಎರಡನೆಯ ಸಲ ದೀಕ್ಷಾಸ್ನಾನ ಮಾಡಿಸುವವರು, ಎಂದು ಕರೆದರು. ಅರಿಯದ ಕೂಸಿಗೆ ಮಾಡಿದ್ದು ದೀಕ್ಷಾಸ್ನಾನವೇ ಅಲ್ಲವೆಂದು ನಂಬಿದ ಅವರಾದರೋ ಇದನ್ನೇ ಮೊದಲನೆಯದೆಂದು ಎಣಿಸಿದರು.

ಊರಿನಲ್ಲಿ ಹುಟ್ಟಿದ ಪ್ರತಿಯೊಂದು ಮಗುವೂ ಅದೇ ನೀರಿನ ಮೂಲಕ ಸಭೆಗೂ ನಾಗರಿಕ ಸಮಾಜಕ್ಕೂ ಸೇರುತ್ತಿದ್ದ ಆ ಕಾಲದಲ್ಲಿ, ಸಭೆಯೆಂಬುದು ಸ್ವಂತ ಇಚ್ಛೆಯಿಂದ ಕೂಡಿದವರ ಸಮುದಾಯವೆಂಬ ಮಾತು ಆಳುವವರಿಗೆ ದಂಗೆಯಾಗಿ ಕೇಳಿಸಿತು. 1526ರ ಮಾರ್ಚ್‌ನಲ್ಲಿ ನಗರಸಭೆ ಹೀಗೆ ಎರಡನೆಯ ಸಲ ದೀಕ್ಷಾಸ್ನಾನ ಕೊಡುವುದಕ್ಕೆ ನೀರಿನಲ್ಲಿ ಮುಳುಗಿಸಿ ಕೊಲ್ಲುವ ದಂಡನೆಯನ್ನು ವಿಧಿಸಿತು. 1527ರ ಜನವರಿ 5ರಂದು ಮಾಂಟ್ಸ್‌ನನ್ನು ದೋಣಿಯಲ್ಲಿ ಲಿಮ್ಮಾಟ್ ನದಿಗೆ ಒಯ್ದು, ಕಟ್ಟಿದ ಕೈಗಳನ್ನು ಮೊಣಕಾಲುಗಳ ಮೇಲಿಂದ ಇಳಿಸಿ, ನಡುವೆ ಕೋಲು ತೂರಿಸಿ, ನೀರಿಗೆ ತಳ್ಳಲಾಯಿತು. 1529ರಲ್ಲಿ ಸ್ಪೇಯರ್‌ನಲ್ಲಿ ಸೇರಿದ ಪವಿತ್ರ ರೋಮನ್ ಸಾಮ್ರಾಜ್ಯದ ಪ್ರತಿನಿಧಿಸಭೆ ಇಂಥವರಿಗೆ ಎಲ್ಲೆಡೆಯೂ ಮರಣದಂಡನೆಯೆಂದು ಸಾರಿತು.

ಆದರೂ ಈ ಆಚರಣೆ ಅಳಿಯಲಿಲ್ಲ. 1609ರಲ್ಲಿ ಆಮ್‌ಸ್ಟರ್‌ಡ್ಯಾಮಿಗೆ ವಲಸೆ ಹೋಗಿದ್ದ ಇಂಗ್ಲಿಷರಾದ ಜಾನ್ ಸ್ಮಿತ್ ಮತ್ತು ಥಾಮಸ್ ಹೆಲ್ವಿಸ್ ಇದನ್ನು ಕೈಗೊಂಡು ಬ್ಯಾಪ್ಟಿಸ್ಟ್ ಸಭೆಗಳಿಗೆ ನಾಂದಿ ಹಾಡಿದರು. ಹೆಲ್ವಿಸ್ ತಾಯ್ನಾಡಿಗೆ ಮರಳಿ, ಪ್ರಜೆಗಳ ಆತ್ಮಗಳ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂದು ಬರೆದು ಸೆರೆಮನೆ ಸೇರಿದನು. ಆರಂಭದಲ್ಲಿ ಹೆಚ್ಚಾಗಿ ನೀರು ಸುರಿಯುವುದೇ ವಾಡಿಕೆಯಾಗಿದ್ದರೂ, 1644ರ ಲಂಡನ್ ಬ್ಯಾಪ್ಟಿಸ್ಟರ ವಿಶ್ವಾಸಪ್ರಮಾಣ ಇಡೀ ದೇಹವನ್ನು ಮುಳುಗಿಸಬೇಕೆಂದು ವಿಧಿಸಿತು. ಮುಳುಗುವುದು ಕ್ರಿಸ್ತನೊಂದಿಗೆ ಸತ್ತು ಹೂಣಲ್ಪಡುವುದರ, ಮೇಲೇಳುವುದು ಅವನೊಂದಿಗೆ ಹೊಸ ಜೀವಕ್ಕೆ ಏಳುವುದರ ಗುರುತೆಂದು ರೋಮಾಪುರದವರಿಗೆ ಬರೆದ ಪತ್ರದ ಆರನೆಯ ಅಧ್ಯಾಯವನ್ನು ಆಧರಿಸಿ ಅವರು ವಿವರಿಸಿದರು. 1800ರ ಡಿಸೆಂಬರ್‌ನಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ ಬಡಗಿ ಕೃಷ್ಣಪಾಲನಿಗೆ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಕೊಟ್ಟದ್ದು ಈ ಪದ್ಧತಿಯಂತೆಯೇ.

2004ರಲ್ಲಿ ಜ್ಯೂರಿಕ್‌ನ ಸುಧಾರಿತ ಸಭೆ ಹಿಂದಿನ ಹಿಂಸೆಗಾಗಿ ಕ್ಷಮೆ ಕೋರಿತು ಮತ್ತು ಲಿಮ್ಮಾಟ್ ದಡದಲ್ಲಿ ಸ್ಮಾರಕಫಲಕವೊಂದು ಸ್ಥಾಪಿತವಾಯಿತು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ಸಭೆಗಳೂ ಇಂದು ವಿಶ್ವಾಸವನ್ನು ರಾಜಾಜ್ಞೆಯಿಂದ ಹೇರಲಾಗದೆಂದು ಒಪ್ಪುತ್ತವೆ. ಒತ್ತಾಯದ ನಂಬಿಕೆ ನಂಬಿಕೆಯೇ ಅಲ್ಲವೆಂಬ ಈ ಅರಿವು ಬೆಳೆಯಲು ಜ್ಯೂರಿಕ್‌ನ ಆ ಚಿಕ್ಕ ಗುಂಪು ಪ್ರಾಣವನ್ನೇ ತೆತ್ತಿತೆಂಬುದರಲ್ಲಿ ಅದರ ಚಾರಿತ್ರಿಕ ಹಿರಿಮೆಯಿದೆ.