ಗ್ರೋತ್, ವೃದ್ಧಿ, ಬಡ್ಡಿ

ಇಂಗ್ಲಿಷಿನ 'ಗ್ರೋತ್' ಪದಕ್ಕೆ ಕನ್ನಡದಲ್ಲಿ ಏನೇನಿದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಮಗುವಿನದು ಬೆಳವಣಿಗೆ, ಮನೆತನದ್ದು ಏಳಿಗೆ, ಹೂವಿನದು ವಿಕಾಸ, ಸರ್ಕಾರದ್ದು ಅಭಿವೃದ್ಧಿ. ಡಾಕ್ಟರು ಸ್ಕ್ಯಾನ್ ನೋಡಿ "ಒಳಗೊಂದು ಗ್ರೋತ್ ಇದೆ" ಅಂದರೆ ಮಾತ್ರ ಅದು ಗೆಡ್ಡೆ. ಈ ಪಟ್ಟಿಗೆ ಯಾರೂ ಸೇರಿಸದ ಇನ್ನೊಂದು ಪದ ಇದೆ. ಅದು ಬಡ್ಡಿ.

ತಮಾಷೆಗೆ ಹೇಳ್ತಿಲ್ಲ. ಬಡ್ಡಿ ಅನ್ನೋದು 'ವೃದ್ಧಿ'ಯ ತದ್ಭವ. ವನ ಬನವಾದ ಹಾಗೆ, ವರ್ಣ ಬಣ್ಣವಾದ ಹಾಗೆ, ವೃದ್ಧಿ ಬಡ್ಡಿಯಾಯಿತು. ಸಂಸ್ಕೃತದಲ್ಲೇ ವೃದ್ಧಿ ಪದಕ್ಕೆ ಸಾಲದ ಮೇಲಿನ ಹೆಚ್ಚಳ ಎಂಬ ಅರ್ಥವಿತ್ತು. ಪಾಣಿನಿಯೇ ಒಂದು ಸೂತ್ರದಲ್ಲಿ ಆ ಅರ್ಥದಲ್ಲಿ ಬಳಸಿದ್ದಾನೆ. ಅದೇ ಪಾಣಿನಿಯ ಅಷ್ಟಾಧ್ಯಾಯಿ ಶುರುವಾಗುವುದೂ ವೃದ್ಧಿ ಎಂಬ ಪದದಿಂದಲೇ. ಮಂಗಳವಾಗಲಿ ಅಂತ ಅದನ್ನು ಮೊದಲಿಗೆ ಇಟ್ಟ ಅಂತ ಪತಂಜಲಿ ಹೇಳುತ್ತಾನೆ. ನಮಗೆ ಹೈಸ್ಕೂಲಿನಲ್ಲಿ ವೃದ್ಧಿಸಂಧಿಯಾಗಿ ತಲೆ ತಿಂದದ್ದೂ ಅದೇ ಪದ :)

ಹಣ 'ಬೆಳೆಯುತ್ತದೆ' ಅನ್ನೋ ಕಲ್ಪನೆ ನಮ್ಮೊಬ್ಬರದ್ದೇ ಅಲ್ಲ. ಗ್ರೀಕರ 'ಟೋಕೋಸ್' ಅಂದರೆ ಹೆತ್ತ ಮಗು, ಬಡ್ಡಿ ಎರಡೂ. ಅರಿಸ್ಟಾಟಲ್ ಇದನ್ನೇ ಹಿಡಿದುಕೊಂಡು, ಹಣ ಹಣವನ್ನು ಹೆರುವುದು ಎಲ್ಲ ಸಂಪಾದನೆಗಳಲ್ಲಿ ಅತಿ ಅಸಹಜವಾದದ್ದು ಅಂತ ವಾದಿಸಿದ. ಇಂಗ್ಲಿಷಿನ ಗ್ರೋ, ಗ್ರೀನ್, ಗ್ರಾಸ್ ಮೂರೂ ಒಂದೇ ಮೂಲದವು. ಅಲ್ಲಿ ಬೆಳೆಯುವುದೆಂದರೆ ಮೊದಲಿಗೆ ಹಸಿರಾಗುವುದು. ಕನ್ನಡದ 'ಬೆಳೆ'ಯೂ ಹಾಗೇ, ಹೊಲದ ಪದ. ಆದರೆ ರಾಗಿ ಒಂದು ಎತ್ತರಕ್ಕೆ ಬಂದು ತೆನೆ ಬಿಟ್ಟು ನಿಲ್ಲುತ್ತದೆ. ಸಾಲ ಹಾಗೆ ನಿಲ್ಲುವುದಿಲ್ಲ. ಯಾರಾದರೂ ನಿಲ್ಲಿಸಬೇಕು.

ನಿಲ್ಲಿಸಲು ಹಳೆಯ ಕಾಲದಲ್ಲೂ ನಿಯಮ ಇತ್ತು. ಮನುಸ್ಮೃತಿಯ ಎಂಟನೇ ಅಧ್ಯಾಯದ ಪ್ರಕಾರ ಹಣದ ಸಾಲದಲ್ಲಿ ಒಂದೇ ಸಲಕ್ಕೆ ತೆಗೆದುಕೊಳ್ಳುವ ಮೊತ್ತ ಅಸಲಿನ ಎರಡರಷ್ಟನ್ನು ದಾಟಬಾರದು. ಇದಕ್ಕೆ ಆಮೇಲೆ ದಾಮ್‌ದುಪ್ಪಟ್ ಅಂತ ಹೆಸರಾಯಿತು. ಬಡ್ಡಿಯ ಮೇಲೆ ಬಡ್ಡಿಗೆ 'ಚಕ್ರವೃದ್ಧಿ' ಅಂತಲೇ ಹೆಸರು (ನಮ್ಮ ಚಕ್ರಬಡ್ಡಿ), ಅದನ್ನೂ ಒಪ್ಪುವುದಿಲ್ಲ. ಇಷ್ಟು ಓದಿ ಆಹಾ ಅನ್ನಬೇಡಿ. ಅದೇ ಅಧ್ಯಾಯದಲ್ಲಿ ಬಡ್ಡಿ ದರ ಜಾತಿ ನೋಡಿ ಏರುತ್ತದೆ: ಬ್ರಾಹ್ಮಣನಿಗೆ ತಿಂಗಳಿಗೆ ನೂರಕ್ಕೆ 2, ಆಮೇಲೆ 3, 4, ಶೂದ್ರನಿಗೆ 5. ಅಂದರೆ ಬ್ರಾಹ್ಮಣನ ಸಾಲ ದುಪ್ಪಟ್ಟಾಗಲು 50 ತಿಂಗಳು, ಶೂದ್ರನದ್ದು 20 ತಿಂಗಳಿಗೇ. ಗ್ರೋತ್ ರೇಟ್ ಅಂದರೆ ಇದಪ್ಪ!

ಕರ್ನಾಟಕದ ಶಾಸನಗಳಲ್ಲಿ ಬಡ್ಡಿಗೆ ಒಂದು ಒಳ್ಳೆಯ ಮುಖವೂ ಇದೆ. ಇಷ್ಟು ಗದ್ಯಾಣ ಹೊನ್ನು ಇಟ್ಟಿದ್ದೇವೆ, ಅಸಲು ಮುಟ್ಟದೆ ಅದರ ಬಡ್ಡಿಯಿಂದ ದೇವಸ್ಥಾನದ ನಂದಾದೀಪ ಉರಿಯಲಿ ಅಂತ ದತ್ತಿ ಬಿಟ್ಟವರು ಬೇಕಾದಷ್ಟು ಜನ.

ಕೆಟ್ಟ ಮುಖ ಪೂರ್ತಿ ಕಾಣುವುದು 19ನೇ ಶತಮಾನದ ದಖ್ಖನಿನಲ್ಲಿ. ಆಗ ಮುಂಬಯಿ ಪ್ರಾಂತ್ಯ, ಬ್ರಿಟಿಷರ ಆಳ್ವಿಕೆ. ಸಾಲಪತ್ರಕ್ಕೆ ಮೂರೇ ವರ್ಷ ಆಯಸ್ಸು ಅಂತ 1859ರಲ್ಲಿ ಒಂದು ಕಾನೂನು ಬಂತು. ಬಡ್ಡಿ ವರ್ಷಗಟ್ಟಲೆ ಬೆಳೆಯದಿರಲಿ ಅನ್ನೋದು ಉದ್ದೇಶ. ಸಾಹುಕಾರರು ಏನು ಮಾಡಿದರು ಗೊತ್ತಾ? ಮೂರು ವರ್ಷಕ್ಕೊಮ್ಮೆ ರೈತನನ್ನು ಕೂರಿಸಿ ಹೊಸ ಪತ್ರ ಬರೆಸಿದರು. ಬಾಕಿ ಬಡ್ಡಿಯೆಲ್ಲ ಹೊಸ ಪತ್ರದಲ್ಲಿ ಅಸಲಾಯಿತು. ಅಸಲೇ ಬೆಳೆದ ಮೇಲೆ ದುಪ್ಪಟ್ಟಿನ ಮಿತಿ ಯಾವುದಕ್ಕೆ ತಾಗಬೇಕು? ಬೆಳವಣಿಗೆ ತಡೆಯಲು ಮಾಡಿದ ಕಾನೂನು ಚಕ್ರಬಡ್ಡಿಯ ಯಂತ್ರವಾಗಿಬಿಟ್ಟಿತು. ಕೋಡ್ ಬರೆಯುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ: ಲೂಪಿಗೆ ಮಿತಿ ಹಾಕಿದ್ದಾರೆ, ಆದರೆ ಪ್ರತಿ ಸುತ್ತಿಗೂ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿದೆ.

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ರೈತರು ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಹುಡುಕಿದ್ದು ಲೆಕ್ಕದ ಪುಸ್ತಕ ಮತ್ತು ಸಾಲಪತ್ರ, ಸಿಕ್ಕಿದ್ದನ್ನು ಸುಟ್ಟರು. ಅಹ್ಮದ್‌ನಗರಕ್ಕೂ ಅದು ಹಬ್ಬಿತು. ಆಮೇಲೆ ತನಿಖೆ ನಡೆಸಿದ ಆಯೋಗಕ್ಕೆ ಸಿಕ್ಕ ಒಂದು ಪ್ರಕರಣದಲ್ಲಿ 100 ರೂಪಾಯಿ ಸಾಲಕ್ಕೆ 2,000 ರೂಪಾಯಿಗೂ ಹೆಚ್ಚು ಬಡ್ಡಿ ಹಾಕಿದ್ದರು. 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಕಡಿಮೆ ಬಡ್ಡಿಗೆ ರೈತರೇ ರೈತರಿಗೆ ಸಾಲ ಕೊಡುವ ಸಹಕಾರಿ ಸಂಘಗಳ ಕಾಯ್ದೆಗೆ ಮಾತ್ರ 1904ರವರೆಗೆ ಕಾಯಬೇಕಾಯಿತು. ಅದರ ಮರುವರ್ಷ, ಆಗ ಅದೇ ಮುಂಬಯಿ ಪ್ರಾಂತ್ಯದಲ್ಲಿದ್ದ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘವನ್ನೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಅಂತ ಎಣಿಸುತ್ತಾರೆ.

ಇನ್ನು ವೃದ್ಧಿಯ ಉಳಿದ ಸಂತಾನ. ಹಿಂದಿಯ 'ಬಢ್‌ನಾ' (ಬೆಳೆಯುವುದು) ಕೂಡ ಇದೇ ಧಾತುವಿನದು. ಆ ದಾರಿಯಲ್ಲಿ ಸುತ್ತಿಕೊಂಡು ಕನ್ನಡಕ್ಕೆ ಬಂದವು ಬಡ್ತಿ ಮತ್ತು ಬಡಾವಣೆ. ಬೆಂಗಳೂರಿನಲ್ಲಿ 1898ರ ಪ್ಲೇಗಿನ ಸುತ್ತಮುತ್ತ ಎದ್ದ ಬಸವನಗುಡಿ, ಮಲ್ಲೇಶ್ವರಗಳು ಇಂಗ್ಲಿಷಿನಲ್ಲಿ 'ಎಕ್ಸ್‌ಟೆನ್ಷನ್', ನಮ್ಮ ಬಾಯಲ್ಲಿ ಬಡಾವಣೆ. 1945ರಲ್ಲಿ ಊರು ನೋಡಿಕೊಳ್ಳಲು ಬಂದದ್ದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್. 1976ರಲ್ಲಿ ಅದರ ಜಾಗಕ್ಕೆ ಬಂತು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಅಭಿವೃದ್ಧಿ ಪ್ರಾಧಿಕಾರ ಮಾಡುವುದು ಬಡಾವಣೆ, ಸೈಟ್ ಕೊಳ್ಳಲು ನಾವು ಕಟ್ಟುವುದು ಬಡ್ಡಿ, ಅದನ್ನು ಕಟ್ಟಲು ಕಾಯುವುದು ಬಡ್ತಿ! ಒಂದೇ ಧಾತು ನಮ್ಮ ಸಂಬಳವನ್ನೆಲ್ಲ ತಿನ್ನುತ್ತಿದೆ.

ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಅದೇ 1976ರಲ್ಲಿ ದೇವರಾಜ ಅರಸರ ಸರ್ಕಾರ ಕರ್ನಾಟಕ ಋಣ ಪರಿಹಾರ ಕಾಯ್ದೆ ತಂದಿತು. ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು, ಬಡವರು ಖಾಸಗಿ ಸಾಹುಕಾರರಿಗೆ ಕೊಡಬೇಕಿದ್ದ ಸಾಲ ಮನ್ನಾ, ಅಡವಿಟ್ಟ ಪಾತ್ರೆ ಒಡವೆ ವಾಪಸ್. ಸಂಸ್ಕೃತದ ಅಭಿವೃದ್ಧಿಗೆ ಆ ವರ್ಷ ಒಂದು ಪ್ರಾಧಿಕಾರ ಸಿಕ್ಕಿತು, ತದ್ಭವದ ಬಡ್ಡಿಗೆ ಒಂದು ಕಡಿವಾಣ. ಆದರೂ 2025ರ ಫೆಬ್ರವರಿಯಲ್ಲಿ, ಕಿರುಸಾಲ ವಸೂಲಿಯ ಕಿರುಕುಳಕ್ಕೆ ಜನ ಪ್ರಾಣ ಕಳೆದುಕೊಂಡ ಮೇಲೆ, ರಾಜ್ಯ ಸರ್ಕಾರ ಮತ್ತೆ ಒಂದು ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಈ ಸಲ ಹಿಡಿತ ವಸೂಲಿ ಮಾಡುವ ರೀತಿಯ ಮೇಲೆ.

ಅಂದಹಾಗೆ, ಕೆಲವು ಮನೆಗಳಲ್ಲಿ ಮಗು ಹುಟ್ಟಿದಾಗಿನ ಮೈಲಿಗೆಗೂ 'ವೃದ್ಧಿ' ಅಂತಾರೆ. ನಿಮ್ಮ ಕಡೆ ಈ ಪದಕ್ಕೆ ಬೇರೆ ಬಳಕೆ ಇದ್ದರೆ ತಿಳಿಸಿ, ಸೇರಿಸ್ತೀನಿ.